ಕುಗ್ಗಿದ ಊರುಗಳ ಲೆಕ್ಕವೂ ಬೇಕು

ಮಾನ್ಯ ಸಂಪಾದಕರಿಗೆ ವಂದನೆಗಳು.

ರಾಜ್ಯದ ನಗರಗಳ ಜನಸಂಖ್ಯೆ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಬೆಂಗಳೂರಿನಿಂದ ಆರಂಭವಾಗಿ ಬೆಂಗಳೂರಿನಲ್ಲೇ ಮುಗಿಯುತ್ತವೆ. ಮಿತಿಮೀರಿ ಬೆಳೆದ ಊರಿನ ನೀರು, ರಸ್ತೆ, ಕಸದ ಸಂಕಷ್ಟಗಳು ದೊಡ್ಡವು, ಅವುಗಳ ಬಗ್ಗೆ ಬರೆಯಲೇಬೇಕು. ಆದರೆ ಒಂದು ಕಾಲಕ್ಕೆ ರಾಜ್ಯದ ಪ್ರಮುಖ ನಗರಗಳ ಸಾಲಿನಲ್ಲಿದ್ದು ಈಗ ಜನರನ್ನು ಕಳೆದುಕೊಳ್ಳುತ್ತಿರುವ, ಇಲ್ಲವೇ ತಲೆಮಾರುಗಳಿಂದ ನಿಂತಲ್ಲೇ ನಿಂತಿರುವ ಊರುಗಳೂ ನಮ್ಮಲ್ಲಿವೆ. ಅವುಗಳ ಬಗ್ಗೆ ಸರ್ಕಾರದ ಬಳಿ ಒಂದು ನೀತಿಯಿಲ್ಲ, ನಾವು ಓದುಗರ ಬಳಿ ಒಂದು ಮಾತೂ ಇಲ್ಲ. ಮುಂದಿನ ಜನಗಣತಿಯ ಹೊತ್ತಿಗಾದರೂ ಈ ಮೌನ ಮುರಿಯಲಿ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಭದ್ರಾವತಿಯವನು. ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದಾಗ 2001 ಮತ್ತು 2011ರ ಎರಡೂ ಜನಗಣತಿಗಳಲ್ಲಿ ಗಣತಿದಾರನಾಗಿ ಕೆಲಸ ಮಾಡಿದೆ. ಎರಡು ಸಲವೂ ಹೆಚ್ಚುಕಡಿಮೆ ಅದೇ ಬೀದಿಗಳು ನನ್ನ ಪಾಲಿಗೆ ಬಂದವು. ಜನಗಣತಿ ಕಾಯ್ದೆಯ ಪ್ರಕಾರ ಯಾವ ಮನೆಯ ವಿವರವನ್ನೂ ಗಣತಿದಾರ ಹೊರಗೆ ಹೇಳುವಂತಿಲ್ಲ, ಆದ್ದರಿಂದ ದಾರಿಹೋಕರೂ ಕಾಣಬಹುದಾಗಿದ್ದಷ್ಟನ್ನೇ ಹೇಳುತ್ತೇನೆ. ಮೊದಲ ಸಲ ಒಂದೊಂದು ಮನೆಯಲ್ಲೂ ಮೂರು ತಲೆಮಾರಿನವರನ್ನು ಬರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನ ಕಳೆದುಹೋಗುತ್ತಿತ್ತು, ಶಾಲೆ ಬಿಟ್ಟ ಮಕ್ಕಳು ಹಿಂದೆ ಹಿಂದೆಯೇ ಬರುತ್ತಿದ್ದರು. ಹತ್ತು ವರ್ಷದ ನಂತರ ಅದೇ ಬೀದಿಯಲ್ಲಿ ಬೀಗ ಹಾಕಿದ ಬಾಗಿಲುಗಳು ಎದುರಾದವು. ಪಕ್ಕದ ಮನೆಯವರನ್ನು ಕೇಳಿದರೆ ‘ಮಗನ ಹತ್ತಿರ ಬೆಂಗಳೂರಿಗೆ ಹೋದರು, ಯುಗಾದಿಗೆ ಬರಬಹುದು’ ಎಂದೋ ‘ಮನೆ ಬಿಟ್ಟು ಶಿವಮೊಗ್ಗಕ್ಕೆ ಹೋಗಿ ವರ್ಷವಾಯಿತು’ ಎಂದೋ ಹೇಳುತ್ತಿದ್ದರು. ತೆರೆದ ಬಾಗಿಲುಗಳ ಹಿಂದೆಯೂ ಬಹುಪಾಲು ಇಬ್ಬರೇ ಇರುತ್ತಿದ್ದರು, ಇಬ್ಬರಿಗೂ ಅರವತ್ತು ದಾಟಿರುತ್ತಿತ್ತು. ನನ್ನ ಕೆಲಸ ಬೇಗ ಮುಗಿಯುತ್ತಿತ್ತು. ಕೆಲಸ ಬೇಗ ಮುಗಿದದ್ದಕ್ಕೆ ಅಷ್ಟು ದುಃಖವಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅಂಕಿಗಳು ಪ್ರಕಟವಾದಾಗ ನಾನು ಕಂಡದ್ದು ನನ್ನ ಬೀದಿಗಷ್ಟೇ ಸೀಮಿತವಲ್ಲ ಎಂಬುದು ತಿಳಿಯಿತು. 2001ರಲ್ಲಿ 1.60 ಲಕ್ಷ ದಾಟಿದ್ದ ಭದ್ರಾವತಿಯ ಜನಸಂಖ್ಯೆ 2011ರಲ್ಲಿ 1.51 ಲಕ್ಷಕ್ಕೆ ಇಳಿದಿತ್ತು. ಅದೇ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಹೆಚ್ಚಿತ್ತು, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತ್ತು. ಒಂದೇ ಜಿಲ್ಲೆ, ಒಂದೇ ಮಳೆ, ಒಂದೇ ಹೆದ್ದಾರಿಯ ಎರಡು ಊರುಗಳಲ್ಲಿ ಒಂದು ಸುಮಾರು ಐವತ್ತು ಸಾವಿರ ಜನರನ್ನು ಗಳಿಸಿದರೆ ಇನ್ನೊಂದು ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಊರಿನಲ್ಲಿ ಹುಟ್ಟಿದ ಮಕ್ಕಳ ಲೆಕ್ಕವನ್ನೂ ಹಿಡಿದರೆ, ಬಿಟ್ಟುಹೋದವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದೆಂಬುದು ಸ್ಪಷ್ಟ.

ಭದ್ರಾವತಿ ಹೇಗೆ ಬೆಳೆದ ಊರು ಎಂಬುದು ಹೊಸ ತಲೆಮಾರಿನ ಓದುಗರಿಗೆ ತಿಳಿದಿರಲಿಕ್ಕಿಲ್ಲ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾ ದಂಡೆಯ ಸಣ್ಣ ಊರಿನಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಕಟ್ಟಿ, 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡುಗಳಿಂದ ಇದ್ದಿಲು, ಹೊಳೆಯಿಂದ ನೀರು ಬಂದವು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಮೇಲೆತ್ತಿದರು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ಊರಿಗೇ ಬಂತು. 1965ರಲ್ಲಿ ಆಕಾಶವಾಣಿ ಕೇಂದ್ರ ಬಂತು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಒಂದೇ ನಲ್ಲಿಯ ಮುಂದೆ ಕೇಳಿಬರುತ್ತಿದ್ದ ಕಾರ್ಮಿಕರ ಊರು ಇದು. ಕಾರ್ಖಾನೆಯ ಸೈರನ್ ಕೇಳಿ ಅಡುಗೆಮನೆಯ ಕೆಲಸ ಹೊಂದಿಸಿಕೊಳ್ಳುತ್ತಿದ್ದ ತಾಯಂದಿರು, ಶಿಫ್ಟ್ ಬದಲಾಗುವ ಹೊತ್ತಿಗೆ ಸೈಕಲ್ಲುಗಳಿಂದ ತುಂಬುತ್ತಿದ್ದ ಸೇತುವೆ, ಪೇಪರ್ ಟೌನ್ ಮತ್ತು ನ್ಯೂ ಟೌನ್‌ನ ಸಾಲು ಕ್ವಾರ್ಟರ್ಸ್‌ಗಳು, ಇವೆಲ್ಲ ನಮಗೆ ದಿನನಿತ್ಯದ ಬದುಕಾಗಿದ್ದವು.

ಗಮನಿಸಬೇಕಾದ ಮುಖ್ಯ ಸಂಗತಿ ಮುಂದಿದೆ. 2011ರ ಇಳಿಕೆ ದಾಖಲಾದದ್ದು ಎರಡೂ ಕಾರ್ಖಾನೆಗಳು ಹೇಗೋ ನಡೆಯುತ್ತಿದ್ದ ಕಾಲದಲ್ಲಿ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದು ಕಳೆದ ದಶಕದ ಮಧ್ಯಭಾಗದಲ್ಲಿ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತದ್ದು 2023ರಲ್ಲಿ. ಈ ಎರಡು ಪೆಟ್ಟುಗಳ ನಂತರ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ, ಏಕೆಂದರೆ 2021ರಲ್ಲಿ ಆಗಬೇಕಿದ್ದ ಗಣತಿ ನಡೆಯಲೇ ಇಲ್ಲ. ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಮುಂದಿನ ಲೆಕ್ಕ 2027ರ ಮಾರ್ಚ್ 1ರ ಶೂನ್ಯ ಗಂಟೆಗೆ ಅನ್ವಯಿಸುತ್ತದೆ. ಅಂದರೆ ಹದಿನಾರು ವರ್ಷಗಳ ಕಾಲ ಒಂದು ನಗರವನ್ನು ಅದರ ಹಳೆಯ ಭಾವಚಿತ್ರ ನೋಡಿಕೊಂಡು ಆಳಿದಂತಾಯಿತು.

ಗಣತಿಯ ದಿನಾಂಕಕ್ಕೂ ಊರಿನ ಹಣೆಬರಹಕ್ಕೂ ಇರುವ ಈ ಅಂತರ ಭದ್ರಾವತಿಗಷ್ಟೇ ಸಂಬಂಧಿಸಿದ್ದಲ್ಲ. ಬಳ್ಳಾರಿ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 3.17 ಲಕ್ಷವಿದ್ದದ್ದು 2011ರಲ್ಲಿ 4.10 ಲಕ್ಷದಷ್ಟಾಯಿತು. ಅದು ಅದಿರಿನ ಲಾರಿಗಳು ಹಗಲಿರುಳು ಓಡಿದ ದಶಕ. ಆ ಎಣಿಕೆ ಮುಗಿದ ಐದು ತಿಂಗಳಿಗೆ, 2011ರ ಜುಲೈ ಕೊನೆಯಲ್ಲಿ, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಉಬ್ಬರದ ತುದಿಯಲ್ಲಿ ಅಳೆದ ನೀರಿನ ಮಟ್ಟವನ್ನೇ ನಾವು ಇಂದಿಗೂ ಬಳ್ಳಾರಿಯ ಅಳತೆ ಎಂದು ಬಳಸುತ್ತಿದ್ದೇವೆ.

ಇದಕ್ಕಿಂತ ಮನ ಕಲಕುವ ಉದಾಹರಣೆ ಕೋಲಾರದ ಚಿನ್ನದ ಗಣಿ ಪ್ರದೇಶ. ಕೆಜಿಎಫ್ ಎಂದರೆ ಇಂದು ಬೇರೇನೋ ನೆನಪಾಗುವ ಕಾಲ ಬಂದಿರುವುದರಿಂದ ಕೆಲವು ಅಂಕಿಗಳನ್ನು ಬರೆಯುತ್ತೇನೆ. 1951ರ ಗಣತಿಯಲ್ಲಿ ಅಂದಿನ ಮೈಸೂರು ರಾಜ್ಯದ ಮೂರನೆಯ ದೊಡ್ಡ ನಗರ ಅದು. ಬೆಂಗಳೂರು 7.79 ಲಕ್ಷ, ಮೈಸೂರು 2.44 ಲಕ್ಷ, ಕೆಜಿಎಫ್ 1.59 ಲಕ್ಷ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಬೆಂಗಳೂರಿಗಲ್ಲ, ಈ ಗಣಿಗಳಿಗೆ. ಮೂರು ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತೆಗೆದ ಜನರ ಊರು ಅದು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚಾಗಿ, ಕೊನೆಗೆ ಕೇಂದ್ರ ಸರ್ಕಾರದ ಗಣಿ ಕಂಪನಿ 2001ರ ಫೆಬ್ರುವರಿ 28ರಂದು ಕೆಲಸ ನಿಲ್ಲಿಸಿತು. ಆ ವರ್ಷದ ಜನಗಣತಿಯ ಲೆಕ್ಕ ಯಾವ ಹೊತ್ತಿಗೆ ಅನ್ವಯಿಸುತ್ತದೋ ಆ ಉಲ್ಲೇಖ ಕ್ಷಣ ಮಾರ್ಚ್ 1ರ ಶೂನ್ಯ ಗಂಟೆ, ಅಂದರೆ ಫೆಬ್ರುವರಿ 28ರ ನಡುರಾತ್ರಿ. ಭದ್ರಾವತಿಯಲ್ಲಿ ನಾವು ಮನೆಯಿಲ್ಲದವರನ್ನು ಎಣಿಸಲು ಟಾರ್ಚು ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದ ಅದೇ ರಾತ್ರಿ, ಅಲ್ಲಿ ಒಂದು ನಗರದ ಅನ್ನದ ಮೂಲ ಬತ್ತಿಹೋಗಿತ್ತು. ಈ ಎರಡು ದಿನಾಂಕಗಳು ಒಂದೇ ಎಂಬುದನ್ನು ನಾನು ಗಮನಿಸಿದ್ದು ಎಷ್ಟೋ ವರ್ಷಗಳ ನಂತರ. ಆಮೇಲೆ ಆ ರಾತ್ರಿಯ ನೆನಪು ನನಗೆ ಮೊದಲಿನಂತೆ ಉಳಿಯಲಿಲ್ಲ.

ಗಣಿ ಮುಚ್ಚಿದರೂ ಕೆಜಿಎಫ್‌ನ ಸಂಖ್ಯೆ ಕುಸಿಯಲಿಲ್ಲ. 2011ರಲ್ಲಿ ರಾಬರ್ಟ್‌ಸನ್‌ಪೇಟೆ ಎಂಬ ಹೆಸರಿನಲ್ಲಿ ದಾಖಲಾದ ಆ ನಗರದ ಜನಸಂಖ್ಯೆ 1.6 ಲಕ್ಷದ ಆಸುಪಾಸಿನಲ್ಲಿತ್ತು. ಅರವತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಮೂರು ಪಟ್ಟು ಮೀರಿ ಬೆಳೆದಾಗ, ಬೆಂಗಳೂರು ಹತ್ತು ಪಟ್ಟಿಗೂ ಹೆಚ್ಚು ಹಿಗ್ಗಿದಾಗ, ರಾಜ್ಯದ ಮೂರನೆಯ ನಗರ ಇದ್ದಲ್ಲೇ ಇತ್ತು. ಅಷ್ಟಾದರೂ ಉಳಿದದ್ದು ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ನಸುಕಿನಲ್ಲಿ ಬೆಂಗಳೂರಿಗೆ ಹೊರಡುವ ರೈಲುಗಳಿಂದ. ಸಾವಿರಾರು ಜನ ಬೆಳಕು ಹರಿಯುವ ಮೊದಲೇ ರೈಲು ಹತ್ತಿ, ರಾಜಧಾನಿಯಲ್ಲಿ ದುಡಿದು, ರಾತ್ರಿ ಮಲಗಲು ಊರಿಗೆ ಮರಳುತ್ತಾರೆ. ಜನಗಣತಿ ಎಣಿಸುವುದು ಮನುಷ್ಯ ವಾಸವಿರುವ ಜಾಗವನ್ನು, ಅವನು ದುಡಿಯುವ ಜಾಗವನ್ನಲ್ಲ. ಆದ್ದರಿಂದ ಕೆಜಿಎಫ್‌ನ ಸ್ಥಿರ ಸಂಖ್ಯೆಯನ್ನು ನೋಡಿ ಊರು ಚೇತರಿಸಿಕೊಂಡಿದೆ ಎಂದು ಯಾರಾದರೂ ಬರೆದರೆ ಅದು ತಪ್ಪಾಗುತ್ತದೆ. ಈಗ ಭದ್ರಾವತಿಯೂ ಶಿವಮೊಗ್ಗದ ಮಟ್ಟಿಗೆ ಅದೇ ದಾರಿ ಹಿಡಿದಿದೆ, ಬೆಳಗಿನ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಸಂಖ್ಯೆ ಏರಿದ ಕಡೆಯೂ ಎಚ್ಚರದಿಂದಲೇ ಓದಬೇಕು. ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 2001ರ 43 ಲಕ್ಷದಿಂದ 2011ರಲ್ಲಿ 84 ಲಕ್ಷಕ್ಕೆ ಏರಿತೆಂದು, ಹತ್ತೇ ವರ್ಷದಲ್ಲಿ ಇಮ್ಮಡಿಯಾಯಿತೆಂದು ಹಲವೆಡೆ ಓದಿದ್ದೇನೆ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಲಾಯಿತು ಎಂಬುದನ್ನು ಅಲ್ಲಿ ಹೇಳಿರುವುದಿಲ್ಲ. ಪಾಲಿಕೆಯ ಗಡಿಯಾಚೆಗೆ ಹಬ್ಬಿದ ಪ್ರದೇಶವನ್ನೂ ಒಳಗೊಂಡ ನಗರ ಸಮೂಹದ ಲೆಕ್ಕ ಹಿಡಿದರೆ ಏರಿಕೆ 57 ಲಕ್ಷದಿಂದ 85 ಲಕ್ಷಕ್ಕೆ. ಅದೂ ಅಗಾಧವೇ, ಆದರೆ ಇಮ್ಮಡಿಯಲ್ಲ. ರಾಜ್ಯದ ಎರಡನೆಯ ನಗರ ಯಾವುದು ಎಂಬ ಸರಳ ಪ್ರಶ್ನೆಗೂ ಗಡಿಯೇ ಉತ್ತರ ಕೊಡುತ್ತದೆ. 2011ರಲ್ಲಿ ಪಾಲಿಕೆಗಳನ್ನು ಹೋಲಿಸಿದರೆ 9.43 ಲಕ್ಷದ ಹುಬ್ಬಳ್ಳಿ–ಧಾರವಾಡ ಮುಂದೆ, ನಗರ ಸಮೂಹಗಳನ್ನು ಹೋಲಿಸಿದರೆ 9.9 ಲಕ್ಷದ ಮೈಸೂರು ಮುಂದೆ.

ಈ ಗೊಂದಲ ಮುಂದಿನ ಗಣತಿಯಲ್ಲಿ ಇನ್ನೂ ಹೆಚ್ಚಲಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. 1962ರಲ್ಲಿ ಒಂದಾದ ಹುಬ್ಬಳ್ಳಿ–ಧಾರವಾಡವನ್ನು ಮತ್ತೆ ಎರಡು ಪಾಲಿಕೆಗಳನ್ನಾಗಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಹಾಸನದಂತಹ ಊರುಗಳು ಸುತ್ತಲ ಹಳ್ಳಿಗಳನ್ನು ಸೇರಿಸಿಕೊಂಡು ಪಾಲಿಕೆಯ ದರ್ಜೆಗೆ ಏರಿವೆ. ಹೀಗಿರುವಾಗ ಹೊಸ ಪಟ್ಟಿಯನ್ನು ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿದರೆ, ಒಬ್ಬನೇ ಒಬ್ಬ ಮನುಷ್ಯ ಊರು ಬಿಡದಿದ್ದರೂ ಹುಬ್ಬಳ್ಳಿ ಕುಗ್ಗಿದಂತೆ ಕಾಣಬಹುದು, ಹೊಸದಾಗಿ ಯಾರೂ ಬಾರದೆ ಇನ್ನೊಂದು ಊರು ಉಬ್ಬಿದಂತೆ ಕಾಣಬಹುದು. ಈ ಸದ್ದಿನ ನಡುವೆ ನಿಜವಾಗಿ ಕುಗ್ಗಿದ ಭದ್ರಾವತಿ ಯಾರ ಕಣ್ಣಿಗೂ ಬೀಳದೆ ಹೋದೀತು ಎಂಬುದೇ ನನ್ನ ಭಯ.

ಕುಗ್ಗುವುದರಲ್ಲೂ ಬಗೆಗಳಿವೆ ಎಂಬುದನ್ನು ಒಪ್ಪುತ್ತೇನೆ. 2001 ಮತ್ತು 2011ರ ನಡುವೆ ಕೋಲ್ಕತ್ತ ನಗರದ ಜನಸಂಖ್ಯೆ 45.7 ಲಕ್ಷದಿಂದ 45 ಲಕ್ಷದ ಕೆಳಗೆ ಇಳಿಯಿತು, ಮುಂಬೈ ದ್ವೀಪ ನಗರದ ಜಿಲ್ಲೆಯಲ್ಲೂ ಜನ ಕಡಿಮೆಯಾದರು. ಅಲ್ಲಿ ನಡುವಿನ ಮನೆಗಳು ಅಂಗಡಿ, ಕಚೇರಿಗಳಾದವು, ಜನ ಅದೇ ನಗರದ ಹೊರವಲಯಕ್ಕೆ ಸರಿದರು, ನಗರ ಸಮೂಹ ಬೆಳೆಯುತ್ತಲೇ ಇತ್ತು. ಭದ್ರಾವತಿಯದು ಹಾಗಲ್ಲ. ನಮ್ಮ ಜನ ಹೊರವಲಯಕ್ಕೆ ಸರಿಯಲಿಲ್ಲ, ಊರನ್ನೇ ಬಿಟ್ಟರು. ಕಾಗದ ಕಾರ್ಖಾನೆಯ ಇನ್ನೊಂದು ಊರಾದ ದಾಂಡೇಲಿಯೂ ಅದೇ ದಶಕದಲ್ಲಿ ಬೆಳೆಯದೆ ತುಸು ಇಳಿಯಿತು. ಚಿಕ್ಕಮಗಳೂರು ಜಿಲ್ಲೆಯ ಒಟ್ಟು ಜನಸಂಖ್ಯೆಯೇ ಸುಮಾರು ಮೂರು ಸಾವಿರ ಕಡಿಮೆಯಾಯಿತು. ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಹಿಗ್ಗಿದ ದಶಕವೂ ಅದೇ.

ಎರಡೂ ಒಂದೇ ಕಥೆಯ ಎರಡು ಮುಖಗಳೆಂಬುದನ್ನು ಯೋಜನೆ ಮಾಡುವವರು ಕಾಣಬೇಕು. 1951ರಲ್ಲಿ ಬೆಂಗಳೂರು ಎರಡನೆಯ ನಗರವಾದ ಮೈಸೂರಿನ ಮೂರು ಪಟ್ಟು ದೊಡ್ಡದಿತ್ತು. 2011ರಲ್ಲಿ ಅದು ಎರಡನೆಯ ನಗರದ ಎಂಟು, ಒಂಬತ್ತು ಪಟ್ಟು. ರಾಜ್ಯದ ನಗರವಾಸಿಗಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆ ಒಂದೇ ನಗರದಲ್ಲಿದ್ದರು. ಬೆಂಗಳೂರಿಗೆ ಕಾವೇರಿ ನೀರಿನ ಇನ್ನೊಂದು ಹಂತ, ಮತ್ತೊಂದು ಮೇಲ್ಸೇತುವೆ, ಸುರಂಗ ರಸ್ತೆ ಎಂದು ಖರ್ಚಿನ ಮೇಲೆ ಖರ್ಚು ಹೂಡುವಾಗ, ನೀರಿನ ಕೊಳವೆ, ಒಳಚರಂಡಿ, ಶಾಲೆ, ಆಸ್ಪತ್ರೆ, ರೈಲು ನಿಲ್ದಾಣ, ಸಾವಿರಾರು ಮನೆಗಳು ಈಗಾಗಲೇ ಇರುವ ಊರುಗಳು ಖಾಲಿಯಾಗುತ್ತಿವೆ. ಕಟ್ಟಿದ ಊರನ್ನು ಹಾಳುಬಿಟ್ಟು ತುಂಬಿದ ಊರಿನ ಮೇಲೆ ಇನ್ನೊಂದು ಮಹಡಿ ಏರಿಸುವ ಈ ಕ್ರಮ ಬಡ ಸಂಸಾರವೊಂದು ಮಾಡುವ ಲೆಕ್ಕಾಚಾರವಂತೂ ಅಲ್ಲ.

ಇದರ ಮೇಲೆ, ಕುಗ್ಗುವ ಊರಿಗೆ ನಮ್ಮ ನಿಯಮಗಳೇ ಇನ್ನೊಂದು ಪೆಟ್ಟು ಕೊಡುತ್ತವೆ. ಸ್ಥಳೀಯ ಸಂಸ್ಥೆಗಳ ಅನುದಾನ ಹಂಚಿಕೆಯಲ್ಲಿ ಜನಸಂಖ್ಯೆಗೆ ದೊಡ್ಡ ಪಾಲು. ಪೌರಕಾರ್ಮಿಕರ ಹುದ್ದೆಗಳು 700 ಜನರಿಗೆ ಒಬ್ಬರಂತೆ. ಒಂಬತ್ತು ಸಾವಿರ ಜನ ಕಡಿಮೆಯಾದ ಊರು ಈ ಲೆಕ್ಕದಲ್ಲಿ ಸುಮಾರು ಹದಿಮೂರು ಪೌರಕಾರ್ಮಿಕರನ್ನು ಕಳೆದುಕೊಳ್ಳುತ್ತದೆ, ಆದರೆ ಗುಡಿಸಬೇಕಾದ ಬೀದಿ ಒಂದು ಗಜವೂ ಕಡಿಮೆಯಾಗಿರುವುದಿಲ್ಲ. ನೀರಿನ ಕೊಳವೆಯ ಉದ್ದ ಅಷ್ಟೇ ಇರುತ್ತದೆ, ನೀರಿನ ಕರ ಕಟ್ಟುವ ಮನೆಗಳು ಮಾತ್ರ ಕಡಿಮೆ. ಉಳಿದವರಲ್ಲಿ ಹಿರಿಯರೇ ಹೆಚ್ಚಾದ್ದರಿಂದ ಆಸ್ಪತ್ರೆಯ ಅಗತ್ಯ ತಲೆಗೆ ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಅತ್ತ ಶಾಲೆಗಳಲ್ಲಿ ಮಕ್ಕಳಿಲ್ಲವೆಂದು ಶಿಕ್ಷಕರನ್ನು ಬೇರೆಡೆಗೆ ಕಳಿಸುತ್ತಾರೆ, ಶಿಕ್ಷಕರಿಲ್ಲವೆಂದು ಉಳಿದ ಮಕ್ಕಳೂ ಹೊರಡುತ್ತಾರೆ. ಇದನ್ನು ನಾನು ತರಗತಿಯಲ್ಲಿ ನಿಂತು ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಹೆಸರುಗಳ ಮುಂದೆ ‘ವರ್ಗಾವಣೆ ಪತ್ರ ನೀಡಲಾಗಿದೆ’ ಎಂದು ಬರೆದು ಬರೆದು, ಒಂದು ವರ್ಷ ಎರಡು ವಿಭಾಗಗಳನ್ನು ಸೇರಿಸಿ ಒಂದು ಮಾಡಬೇಕಾಯಿತು.

ಆದ್ದರಿಂದ ಸರ್ಕಾರದಲ್ಲಿ ನನ್ನ ವಿನಂತಿ ಇಷ್ಟು. ಹೊಸ ಜನಗಣತಿಯ ಅಂಕಿಗಳು ಬಂದ ಕೂಡಲೇ ರಾಜ್ಯದ ಎಲ್ಲ ನಗರಗಳ ಏರಿಳಿತವನ್ನು 2011ರ ಗಡಿಗೆ ಹೊಂದಿಸಿ ಒಂದು ಪ್ರತ್ಯೇಕ ಪಟ್ಟಿಯಾಗಿ ಕನ್ನಡದಲ್ಲಿ ಪ್ರಕಟಿಸಬೇಕು, ಗಡಿ ಬದಲಾವಣೆಯಿಂದ ಬಂದದ್ದೆಷ್ಟು, ನಿಜವಾದ ಬೆಳವಣಿಗೆ ಎಷ್ಟು ಎಂಬುದು ಸಾಮಾನ್ಯ ಓದುಗರಿಗೂ ತಿಳಿಯಬೇಕು. ಖಾಲಿ ಮನೆಗಳ ಸಂಖ್ಯೆ, ಜನರನ್ನು ಎಣಿಸುವ ಮೊದಲು ಮನೆಗಳನ್ನು ಪಟ್ಟಿ ಮಾಡುವ ಹಂತದಲ್ಲೇ ದಾಖಲಾಗುತ್ತದೆ. 2011ರ ಗಣತಿಯಲ್ಲಿ ದೇಶದ ಸುಮಾರು 33 ಕೋಟಿ ಗಣತಿ ಮನೆಗಳ ಪೈಕಿ ಸುಮಾರು 2.46 ಕೋಟಿ ಖಾಲಿಯಿದ್ದವು. ಕುಗ್ಗುತ್ತಿರುವ ನಗರಗಳ ಮಟ್ಟಿಗಾದರೂ ಈ ಸಂಖ್ಯೆಯನ್ನು ವಾರ್ಡುವಾರು ಕೊಟ್ಟರೆ ಯಾವ ಬೀದಿಯಲ್ಲಿ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ರಾಜ್ಯ ಹಣಕಾಸು ಆಯೋಗ ಅನುದಾನದ ಸೂತ್ರ ರೂಪಿಸುವಾಗ ಜನ ಕಡಿಮೆಯಾದ ಊರಿನ ಪಾಲನ್ನು ಒಮ್ಮೆಲೇ ಕಡಿತಗೊಳಿಸದೆ, ಅದು ನಿರ್ವಹಿಸಬೇಕಾದ ರಸ್ತೆ, ಕೊಳವೆ, ಚರಂಡಿಗಳ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ಕಾರ್ಖಾನೆಗಳ ವಿಷಯ. ಅವು ಮತ್ತೆ ಹಳೆಯ ವೈಭವಕ್ಕೆ ಮರಳುತ್ತವೆ ಎಂಬ ಭರವಸೆಯನ್ನು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ. ಮರಳಿದರೆ ನನ್ನಷ್ಟು ಸಂತೋಷಪಡುವವರು ಇಲ್ಲ. ಆದರೆ ಆ ಭರವಸೆಯ ನೆರಳಿನಲ್ಲಿ ಬೇರೆ ಯಾವ ಯೋಜನೆಯೂ ಚಿಗುರದೆ ಹೋಗುವುದು ಸರಿಯಲ್ಲ. ಖಾಲಿ ಬಿದ್ದ ಕಾರ್ಖಾನೆ ಭೂಮಿ ಮತ್ತು ವಸತಿಗಳಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯನ್ನೋ ಸಣ್ಣ ಕೈಗಾರಿಕೆಗಳನ್ನೋ ನಡೆಸಬಹುದೇ ಎಂಬ ಚರ್ಚೆ ಊರಿನವರನ್ನು ಕೂರಿಸಿಕೊಂಡು ಈಗಲೇ ಆರಂಭವಾಗಬೇಕು. ಲೇತ್ ಮೇಲೆ ಕೈ ಪಳಗಿದ, ಎರಕದ ಕೆಲಸ ಬಲ್ಲ ಹಿರಿಯರು ಇನ್ನೂ ಇಲ್ಲಿದ್ದಾರೆ, ಅವರು ಇರುವಾಗಲೇ ಆ ವಿದ್ಯೆ ಕೈ ದಾಟಬೇಕು.

ಪತ್ರಿಕೆಯಲ್ಲೂ ಒಂದು ಕೋರಿಕೆಯಿದೆ. ಹೊಸ ಅಂಕಿಗಳು ಬಂದ ದಿನ ಮುಖಪುಟದಲ್ಲಿ ಬೆಂಗಳೂರಿನ ಸಂಖ್ಯೆ ಬರುವುದು ಸಹಜ. ಅದೇ ದಿನ ಒಳಪುಟದಲ್ಲಾದರೂ ಭದ್ರಾವತಿ, ರಾಬರ್ಟ್‌ಸನ್‌ಪೇಟೆ, ದಾಂಡೇಲಿಗಳ ಸಂಖ್ಯೆಯನ್ನು 2011ರದರ ಪಕ್ಕದಲ್ಲಿಟ್ಟು ಪ್ರಕಟಿಸಿ, ಅಲ್ಲಿಗೆ ಒಬ್ಬ ವರದಿಗಾರರನ್ನು ಕಳಿಸಿ. ನಮ್ಮ ಊರಿಗೆ ಬಂದರೆ, ನಾನು ಎರಡು ಸಲ ಎಣಿಸಿದ ಬೀದಿಗಳನ್ನು ಜೊತೆಯಲ್ಲಿ ನಡೆದು ತೋರಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಭದ್ರಾವತಿ